ಇನ್ನೂರ ನಲವತ್ತು ಸೆಕೆಂಡಿನ ಕಾಕಾ

೧೯೮೮ನೇ ಇಸವಿ, ಜೂನ್ ೬, ಸೋಮವಾರ. ಬೆಳಿಗ್ಗೆ ೧೦ ಗಂಟೆ ೨೦ ನಿಮಿಷ. ಅಣ್ಣಿಗೇರಿಯ ನಮ್ಮ ಬೀಜದ ಸಂಘದ ಆಫೀಸಿನಲ್ಲಿ ಹೊಸದಾಗಿ ಬಂದ ಕಂಪ್ಯೂಟರು ಒಂದು ಹಾಳೆ ಅಚ್ಚು ಹಾಕಿ, ಗಕ್ಕನೆ ನಿಂತುಬಿಟ್ಟಿತು. ಕರೆಂಟು ಹೋಗಿರಲಿಲ್ಲ. ಕಾಗದ ಮುಗಿದಿರಲಿಲ್ಲ. ಯಾರೂ ಏನನ್ನೂ ಮುಟ್ಟಿರಲಿಲ್ಲ. ನಮ್ಮ ಕಾಕಾ ಅದಕ್ಕೆ ನಿಲ್ಲು ಎಂದು ಹೇಳಿದ್ದ, ಅಷ್ಟೆ!

ಲೋಕದಲ್ಲಿ ಜನ ಯಂತ್ರ ಓಡಿಸುವುದನ್ನು ಕಲಿಯುತ್ತಾರೆ. ನಮ್ಮ ಕಾಕಾ ಓಡುವ ಯಂತ್ರವನ್ನು ಸುಮ್ಮನೆ ಕೂರಿಸುವುದನ್ನು ಕಲಿತವನು. ಅದೂ ಹುಬ್ಬಳ್ಳಿಗೆ ಹೋಗಿ, ಮೂರು ವಾರ ತರಬೇತಿ ಪಡೆದು! ಇಂಥ ಒಬ್ಬರು ನಿಮ್ಮ ಮನೆಯಲ್ಲಿಯೂ ಇದ್ದಾರೆಯೆ? ಇದ್ದರೆ ಅವರ ಜೊತೆ ಒಂದೇ ಆಫೀಸಿನಲ್ಲಿ ಕೆಲಸಕ್ಕೆ ಸೇರಬೇಡಿ. ನಾನು ಸೇರಿದೆ. ಬಿ.ಕಾಂ. ಪಾಸಾದ ಮೇಲೆ ಅಪ್ಪ ಕೊಡಿಸಿದ ಸೆಕೆಂಡ್ ಮುಳ್ಳಿನ ಕೈಗಡಿಯಾರ ಕಟ್ಟಿಕೊಂಡು, ಚೀಲದಲ್ಲಿ ಡೈರಿ ಇಟ್ಟುಕೊಂಡು, ಅಲ್ಲಿ ದಿನಗೂಲಿ ಟೈಪಿಸ್ಟ್ ಆದೆ. ಕೆಳಗೆ ಬರುವ ಅಂಕಿಗಳೆಲ್ಲ ಆ ಡೈರಿಯವು. ಅಂದಾಜಿನಿಂದ ಹೇಳುವ ಅಭ್ಯಾಸ ನನಗಿಲ್ಲ.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ವಯಸ್ಸು ನಲವತ್ತೊಂಬತ್ತು. ಆತನಿಗೆ ಒಂದೇ ಒಂದು ಚಟ. ಯಾವುದೇ ಕೆಲಸ ಮಾಡುವ ಮೊದಲು, ಯಾವುದೇ ಮಾತಾಡುವ ಮೊದಲು, ಒಳಗೊಳಗೇ ಎಣಿಸುತ್ತಾನೆ. ಚಹಾ ಬಸಿದ ಮೇಲೆ ಅರವತ್ತು ಎಣಿಸಿಯೇ ಕುಡಿಯುತ್ತಾನೆ. ಬಸ್ ಬಂದರೆ ಎಲ್ಲರೂ ಹತ್ತಲಿ ಎಂದು ಇಪ್ಪತ್ತು ಎಣಿಸುತ್ತಾನೆ. ಆ ವರ್ಷದ ಏಪ್ರಿಲ್ ತಿಂಗಳೊಂದರಲ್ಲೇ ಕಾಕಾ ಹನ್ನೊಂದು ಸಲ ಬಸ್ಸಿಗೆ ಹೋದ. ಏಳು ಸಲ ಬಸ್ಸು ಕಾಕಾನನ್ನು ಬಿಟ್ಟು ಹೋಯಿತು.

ಬಾಗಿಲು ಬಡಿದ ಮೇಲಂತೂ ನಲವತ್ತು ಎಣಿಸದೆ ಒಳಗೆ ಕಾಲಿಡುವುದಿಲ್ಲ. ಒಳಗಿನವರು ಸೆರಗು ಸರಿಮಾಡಿಕೊಳ್ಳಬೇಕು, ಹಾಸಿಗೆ ಸುತ್ತಿಡಬೇಕು, ಯಾರಾದರೂ ಅಳುತ್ತಿದ್ದರೆ ಕಣ್ಣು ಒರೆಸಿಕೊಳ್ಳಬೇಕು ಎಂಬುದು ಆತನ ವಾದ. ಒಪ್ಪೋಣ. ಆದರೆ ತನ್ನ ಮನೆಯ ಬಾಗಿಲಿಗೂ ಹಾಗೆಯೇ ಮಾಡಬೇಕೆ? ಒಂದು ದಿನ ನಾನೇ ಕಣ್ಣಾರೆ ನೋಡಿದೆ. ಬಾಗಿಲು ತೆರೆದೇ ಇದೆ. ಒಳಗೆ ಕಾಕಾನ ಹೆಂಡತಿ, ನಮ್ಮ ಕಾಕು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಹೊರಗೆ ಬಿಸಿಲಿನಲ್ಲಿ ಕಾಕಾ ನಿಂತಿದ್ದಾನೆ.

"ಬಾಗಲಾ ತಗದೈತಿ, ನಾ ನಿಮ್ಮ ಕಣ್ಣ ಮುಂದ ನಿಂತೀನಿ, ಒಳಗ ಬರ್ರಿ ಇನ್ನ!" ಎಂದಳು ಕಾಕು.

ಕಾಕಾ ಕೈ ಎತ್ತಿ ತಡೆದ. "ತಡಿ, ಇನ್ನ ಹನ್ನೊಂದು ಉಳದಾವು."

ಇಷ್ಟಕ್ಕೇ ಮುಗಿದಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮೇ ೧ರ ಭಾನುವಾರ ಕುಂದಗೋಳದ ಕಡೆಯವರು ನನ್ನನ್ನು ನೋಡಲು ಬಂದರು. ಅವಲಕ್ಕಿ ಆಯಿತು, ಚಹಾ ಆಯಿತು. ವರನ ತಾಯಿ ಎಲ್ಲರನ್ನೂ ಬಿಟ್ಟು ಕಾಕಾನ ಕಡೆಗೇ ತಿರುಗಿ, "ಹುಡಗಿ ಸ್ವಭಾವ ಹೆಂಗೈತ್ರಿ?" ಎಂದು ಕೇಳಿದರು. ಕಾಕಾ ಎಣಿಸತೊಡಗಿದ. ಐದು. ಹತ್ತು. ಅಪ್ಪ ಕೆಮ್ಮಿದರು. ಹದಿನೈದಕ್ಕೆ ವರನ ತಾಯಿ ಗಂಡನ ಮುಖ ನೋಡಿದರು. ಇಪ್ಪತ್ತೆರಡಕ್ಕೆ ವರನ ಸೋದರಮಾವ ಎದ್ದು ಟೊಪ್ಪಿಗೆ ಹಾಕಿಕೊಂಡರು. ಹೇಳಲಾರದ್ದೇನೋ ಇದೆ ಎಂದೇ ಅವರು ತಿಳಿದಿರಬೇಕು! ಮೂವತ್ತು ಮುಗಿಯುವಾಗ ಅಷ್ಟೂ ಜನ ಅಂಗಳ ದಾಟಿದ್ದರು. ಕಾಕಾ ಮೂವತ್ತು ಮುಗಿಸಿ, ಖಾಲಿ ಕುರ್ಚಿಗಳಿಗೆ, "ಭಾಳ ಚಲೋ ಸ್ವಭಾವ್ರಿ," ಎಂದ.

"ಯಾರಿಗೆ ಹೇಳಾಕತ್ತೀರಿ? ಕುರ್ಚಿಗೇನು?" ಎಂದು ಕಾಕು ಚೀರಿದಳು.

ಮೂವತ್ತು ಸೆಕೆಂಡಿನಲ್ಲಿ ನನ್ನ ಸಂಬಂಧ ಮುರಿದುಬಿತ್ತು. ಆ ವರ ನನಗೂ ಬೇಡವಾಗಿದ್ದನೆಂದು, ಫೋಟೋ ನೋಡಿದಾಗಲೇ, ಹಿಂದಿನ ದಿನ ಡೈರಿಯಲ್ಲಿ ಬರೆದಿದ್ದೆನೆಂಬುದು ಬೇರೆ ಮಾತು. ಕಾಕಾ ನನ್ನ ಡೈರಿ ಓದಿಲ್ಲ ಎಂದೇ ಇಂದಿಗೂ ನಂಬಿದ್ದೇನೆ.

ಇಂಥ ಮನುಷ್ಯನನ್ನು ಸಂಘದವರು ಕಂಪ್ಯೂಟರು ಕಲಿಯಲು ಕಳಿಸಿದರು! ಬೇರೆ ಯಾರೂ ಒಪ್ಪಲಿಲ್ಲ. ಕಾಕಾನನ್ನು ಕೇಳಿದಾಗ ಆತ ಎಣಿಸುತ್ತ ಸುಮ್ಮನಿದ್ದ. ಮ್ಯಾನೇಜರರು ಅದನ್ನೇ ಒಪ್ಪಿಗೆ ಎಂದು ಬರೆದುಕೊಂಡರು.

ಮೂರು ವಾರದ ಮೇಲೆ ಬಂದ ಕಾಕಾನ ನೋಟುಬುಕ್ಕು ನಾನು ನೋಡಿದೆ. ಕಂಪ್ಯೂಟರು ಮಾಡಬೇಕಾದ ಕೆಲಸಗಳನ್ನು ಒಂದರ ಕೆಳಗೊಂದು ಸಾಲಾಗಿ ಬರೆದಿಟ್ಟರೆ, ಅದು ಮೇಲಿನಿಂದ ಕೆಳಗೆ ಓದುತ್ತ ಒಂದೊಂದನ್ನೇ ಮಾಡುತ್ತ ಹೋಗುತ್ತದಂತೆ. ಅಂಥ ಪಟ್ಟಿಗೆ ಶೆಲ್ ಸ್ಕ್ರಿಪ್ಟ್ ಎಂದು ಹೆಸರು. ಜೊತೆಗೆ ಕಲಿತವರೆಲ್ಲ ಹೆಸರು ಹೊಂದಿಸುವ, ಹುಡುಕುವ, ಎಣಿಸುವ ಆಜ್ಞೆಗಳನ್ನು ಪುಟಗಟ್ಟಲೆ ಬರೆದುಕೊಂಡಿದ್ದರಂತೆ. ಕಾಕಾ ಅವನ್ನೆಲ್ಲ ಒಂದೊಂದು ಸಾಲಿನಲ್ಲಿ ಮುಗಿಸಿ, ಒಂದು ಪೂರ್ತಿ ಪುಟವನ್ನು ಒಂದೇ ಆಜ್ಞೆಗೆ ಮೀಸಲಿಟ್ಟಿದ್ದ. ಪಟ್ಟಿಯ ನಡುವೆ ಸ್ಲೀಪ್ ಎಂದು ಬರೆದು ಮುಂದೆ ಒಂದು ಅಂಕಿ ಹಾಕಬೇಕು. ಯಂತ್ರ ಅಷ್ಟು ಸೆಕೆಂಡು ಏನೂ ಮಾಡದೆ ನಿಲ್ಲುತ್ತದೆ. ಅಂಕಿ ಮುಗಿದ ಮೇಲೆ ಯಾರೂ ಕೇಳದೆಯೇ ಮುಂದಿನ ಸಾಲಿಗೆ ಹೋಗುತ್ತದೆ. ಆ ಪುಟದ ಕೆಳಗೆ ಕಾಕಾ ಎರಡು ಗೆರೆ ಎಳೆದು ಬರೆದಿದ್ದ: "ಇದನ್ನು ಮಾಡಿದವನು ತಿಳಿದವನು."

ಈಗ ನಮ್ಮ ಆಫೀಸಿನ ಕೆಲಸ ಹೇಳುತ್ತೇನೆ. ಬಿತ್ತುವ ಮುಂಚೆ ಸುತ್ತಲಿನ ಹಳ್ಳಿಯ ರೈತರು ಹೆಸರು ಕಾಳಿನ ಬೀಜಕ್ಕೂ ಹತ್ತಿ ಬೀಜಕ್ಕೂ ನಮ್ಮಲ್ಲಿಗೆ ಬರುತ್ತಾರೆ. ಹಿಂದಿನ ಕೋಣೆಯಲ್ಲಿ ಆ ರೈತರ ಹೆಸರುಗಳ ಯಾದಿ ತಯಾರಾಗುತ್ತದೆ. ಆ ಯಾದಿ ಹಿಡಿದು ಪಡಸಾಲೆ ದಾಟಿ, ಮೂರು ಮೆಟ್ಟಿಲು ಇಳಿದು, ಕಿಟಕಿಯ ಹತ್ತಿರ ನಿಂತು ಹೆಸರು ಕೂಗಿ, ಗೋದಾಮಿನಲ್ಲಿ ಬೀಜ ಪಡೆಯುವ ಚೀಟಿ ಕೊಡುವವನು ನಮ್ಮ ಸಂಘದ ಹಳೆಯ ಸಿಪಾಯಿ, ಅಂದರೆ ಜವಾನ. ಎಲ್ಲರಿಗೂ ಅವನು ಅಜ್ಜನೇ. ಆ ವರ್ಷದ ನವೆಂಬರ್ ಮುಗಿದರೆ ನಿವೃತ್ತಿ. ಬಲ ಮೊಣಕಾಲು ಕೈಕೊಟ್ಟಿತ್ತು. ಆದರೆ ಧ್ವನಿ? ಬೇವಿನ ಗಿಡದಾಚೆ ರಸ್ತೆಯ ಮೇಲೆ ಹೋಗುವ ಚಕ್ಕಡಿಯ ಎತ್ತು ಕೂಡ ನಿಂತು ನೋಡುತ್ತಿತ್ತು!

ಯಾದಿಯಲ್ಲಿ ಬರೀ ಬಸಪ್ಪ ಎಂದಿರುತ್ತದೆ. ಒಂದೊಂದು ಹಳ್ಳಿಗೆ ಐದು ಜನ ಬಸಪ್ಪರು. ಅಜ್ಜ ಯಾದಿ ನೋಡಿ, "ಬಾವಿ ಬಾಜೂಕಿನ ಬಸಪ್ಪಾ! ನೀ ಅಲ್ಲಲೇ, ನೀ ಗಿರಣಿ ಬಸಪ್ಪ, ಹಿಂದ ಸರಿ!" ಎಂದು ಕೂಗುತ್ತಿದ್ದ. ಮೂವತ್ತು ವರ್ಷದಲ್ಲಿ ಒಬ್ಬರ ಬೀಜ ಇನ್ನೊಬ್ಬರ ಹೊಲಕ್ಕೆ ಹೋಗಿರಲಿಲ್ಲ.

ಕಂಪ್ಯೂಟರು ಬಂದ ದಿನ ಹುಬ್ಬಳ್ಳಿಯ ಹಿರಿಯ ಆಫೀಸಿನ ಸಾಹೇಬರು ಒಂದು ಮಾತು ಹೇಳಿ ಹೋಗಿದ್ದರು: ಯಂತ್ರ ಒಂದು ಬಂದಿದೆ, ಈ ಹಂಗಾಮಿನಲ್ಲಿ ಒಬ್ಬ ಮನುಷ್ಯ ಕಡಿಮೆಯಾಗಬೇಕು. ಎಲ್ಲರೂ ಅಜ್ಜನ ಮೊಣಕಾಲು ನೋಡಿದರು. ಅಜ್ಜ ನನ್ನ ಹತ್ತಿರ ಬಂದು ಮೆಲ್ಲಗೆ, "ತಂಗೀ, ಸರ್ವೀಸ್ ಪೂರಾ ಮಾಡಿ, ಮಾಲಿ ಹಾಕಿಸಿಕೊಂಡು ಹೋಗಬೇಕಂತ ಒಂದ ಆಸೆ. ಈ ಪೆಟಗಿ ಐದು ತಿಂಗಳು ತಡೀತೈತೇನು ನೋಡು," ಎಂದ. ನಾನು ಡೈರಿ ನೋಡಿ, "ಐದು ತಿಂಗಳು ಇಪ್ಪತ್ತನಾಲ್ಕು ದಿನ ಅಜ್ಜಾ," ಎಂದೆ. ಅದು ಸಮಾಧಾನ ಹೇಳುವ ರೀತಿಯೆ? ಅಲ್ಲವೆಂದು ಈಗ ತಿಳಿಯುತ್ತದೆ.

ಹೀಗೆ ಜೂನ್ ೬ಕ್ಕೆ ಯಂತ್ರ ಇಪ್ಪತ್ತು ಹೆಸರಿನ ಮೊದಲ ಹಾಳೆ ಅಚ್ಚು ಹಾಕಿ ನಿಂತಿತು. ಮ್ಯಾನೇಜರರು ಓಡಿ ಬಂದರು.

"ಏನ್ರೀ, ಕೆಟ್ಟತೇನು?"

ಕಾಕಾ ಎಣಿಸಿ ಹೇಳಿದ. "ಇಲ್ರಿ. ನಿಂತೈತಿ."

"ಯಾಕ ನಿಂತೈತಿ?"

"ನಾ ಹೇಳೀನ್ರಿ. ಇನ್ನೂರ ನಲವತ್ತು ಸೆಕೆಂಡ್ ಸುಮ್ಮ ನಿಲ್ಲು ಅಂತ."

ಮ್ಯಾನೇಜರರು ಹಣೆ ಬಡಿದುಕೊಂಡರು. "ಅಲ್ರೀ, ಸುಮ್ಮ ನಿಲ್ಲಾಕ ನಮ್ಮ ಆಫೀಸಿನ್ಯಾಗ ಮಂದಿ ಕಡಿಮಿ ಅದಾರೇನ್ರಿ? ಅದಕ್ಕೂ ಒಂದು ಮಷೀನ್ ಬೇಕಾಗಿತ್ತೇನು?"

ಅವರು ಇನ್ನೂ ಬೈಯುತ್ತಿರುವಾಗಲೇ ಇನ್ನೂರ ನಲವತ್ತು ಮುಗಿದು, ಯಂತ್ರ ಕರ್ರೆಂದು ಎರಡನೆಯ ಹಾಳೆ ಶುರು ಮಾಡಿತು. ಮ್ಯಾನೇಜರರು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು. ನಾನೂ ಸರಿದೆ. ಮನುಷ್ಯರಿಗೆ ಹೇಳಿದರೆ ಹತ್ತಕ್ಕೆ ಏಳುತ್ತಾರೋ, ಹನ್ನೊಂದಕ್ಕೆ ಏಳುತ್ತಾರೋ. ಇದು ಹೇಳಿದ ಸೆಕೆಂಡಿಗೆ ಎದ್ದಿತಲ್ಲ!

ಜೂನ್ ೯, ಗುರುವಾರ ಇನ್ನೂ ದೊಡ್ಡ ಆಘಾತ. ಕಾಕಾ ಹೊಸ ಪಟ್ಟಿ ಬರೆಯುವಾಗ ಮೊದಲ ನಿಲುಗಡೆಯ ಅಂಕಿಯ ಕೊನೆಗೆ ಕೈತಪ್ಪಿ ಒಂದು ಸೊನ್ನೆ ಹೆಚ್ಚು ಒತ್ತಿದ. ಇನ್ನೂರ ನಲವತ್ತು ಎರಡು ಸಾವಿರದ ನಾನೂರಾಯಿತು. ಯಂತ್ರ ನಲವತ್ತು ನಿಮಿಷ ನಿಂತಿತು! ಹೊರಗೆ ಮುನ್ನೂರು ಜನ ರೈತರು. ಗೋದಾಮಿನವನು ಲಿಂಬೆಹಣ್ಣು ತಂದು ಯಂತ್ರದ ಮೇಲಿಟ್ಟ. ಮ್ಯಾನೇಜರರು ಚಪ್ಪಲಿ ಬಿಟ್ಟು ಒಳಗೆ ಬಂದರು. ನಾನು ಕಾಕಾನ ಅಂಗಿ ಜಗ್ಗಿ, "ಕಾಕಾ, ನಡುವ ನಿಲ್ಲಸಾಕ ಬರೂದಿಲ್ಲೇನು?" ಎಂದೆ.

"ಬರತೈತಿ. ಒಂದ ಕೀಲಿ ಒತ್ತಿದ್ರ ಆತು."

"ಮತ್ತ ಒತ್ತಲ್ಲ!"

ಕಾಕಾ ನನ್ನನ್ನು ಅಚ್ಚರಿಯಿಂದ ನೋಡಿದ. "ತಪ್ಪು ನಂದು. ಅದು ಹೇಳಿದ್ದ ಕೇಳಾಕತ್ತೈತಿ. ಪಾಪ, ಅದನ್ಯಾಕ ಬಡಿದು ಎಬ್ಬಸೂದು?" ಎಂದು, ನಲವತ್ತು ನಿಮಿಷವೂ ಅದರ ಪಕ್ಕದಲ್ಲಿ ಕೂತ. ಒಳ್ಳೆಯ ಮನುಷ್ಯರು ಜ್ವರ ಬಂದವರ ಪಕ್ಕ ಕೂರುವುದಿಲ್ಲವೆ, ಹಾಗೆ.

ನಾನು ಮಾತ್ರ ಮರುದಿನದಿಂದ ಯಂತ್ರದ ನಿಲುಗಡೆಯ ಲೆಕ್ಕವನ್ನೂ ಇಡತೊಡಗಿದೆ. ದಿನಕ್ಕೆ ಹದಿನೆಂಟು ಹಾಳೆ. ಹಾಳೆಗೆ ನಾಲ್ಕು ನಿಮಿಷದ ನಿಲುಗಡೆ. ಅಂದರೆ ಯಂತ್ರ ದಿನಕ್ಕೆ ಒಂದು ತಾಸು ಹನ್ನೆರಡು ನಿಮಿಷ ಖಾಲಿ ನಿಲ್ಲುತ್ತದೆ! ಕೆಂಪು ಶಾಯಿಯಿಂದ ಬರೆದೆ. ಯಾಕೆ ನಿಲ್ಲಿಸುತ್ತಾನೆ ಎಂದು ಕೇಳಬೇಕೆಂದು ಹೊಳೆಯಿತೆ? ಇಲ್ಲ. ಎಷ್ಟು ಎಂಬುದು ಸಿಕ್ಕಿದ ಮೇಲೆ ಯಾಕೆ ಎಂದು ಕೇಳುವ ಬುದ್ಧಿ ಆಗ ನನಗಿರಲಿಲ್ಲ.

ಜೂನ್ ೧೪, ಮಂಗಳವಾರ, ೧೧ ಗಂಟೆ ೫ ನಿಮಿಷಕ್ಕೆ ಸಾಹೇಬರ ಜೀಪು ಬಂತು. ಅವರು ನಿಂತಿದ್ದ ಯಂತ್ರವನ್ನೂ, ಕೈಕಟ್ಟಿ ಕೂತಿದ್ದ ಕಾಕಾನನ್ನೂ ನೋಡಿ, "ಇದು ದಿನಾ ಎಷ್ಟು ಹೊತ್ತು ಹಿಂಗ ನಿಲ್ಲತೈತಿ?" ಎಂದು ಕೇಳಿದರು.

ಕಾಕಾ ಎಣಿಸತೊಡಗಿದ. ಬಾಗಿಲಲ್ಲಿ ಅಜ್ಜ. ನನಗೆ ಕುಂದಗೋಳದವರು ಎದ್ದು ಹೋದದ್ದು ನೆನಪಾಯಿತು. ಈ ಸಲ ಮನೆತನದ ಮಾನ ಉಳಿಸಬೇಕು ಎನಿಸಿತು. ಡೈರಿ ತೆರೆದು, ಸ್ಪಷ್ಟವಾಗಿ, "ಒಂದು ತಾಸು ಹನ್ನೆರಡು ನಿಮಿಷ, ಸರ್," ಎಂದು ಓದಿದೆ.

ಕಾಕಾ ನನ್ನ ಕಡೆ ನೋಡಿದ. ಬೈಯಲಿಲ್ಲ. ಎಣಿಕೆ ಹದಿನೆಂಟಕ್ಕೋ ಹತ್ತೊಂಬತ್ತಕ್ಕೋ ಬಂದಿರಬೇಕು. ಕಾಕಾನ ಎಣಿಕೆ ನಡುವೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಶಾಣ್ಯಾ ಹುಡುಗಿ!" ಎಂದರು ಸಾಹೇಬರು. "ನಾಳಿಂದ ಆ ನಿಲ್ಲೂ ಸಾಲೆಲ್ಲ ತಗೀರಿ. ನಾ ನವಲಗುಂದದ ಕೆಲಸ ಮುಗಿಸಿ ನಾಳೆ ಮಧ್ಯಾಹ್ನ ಬರ್ತೀನಿ. ಮಷೀನ್ ಓಡಬೇಕು!"

ಕಾಕಾ ಅಂದು ಸಂಜೆ ಹದಿನೆಂಟು ಸಾಲುಗಳನ್ನು ಒಂದೊಂದಾಗಿ ಅಳಿಸಿದ. ನಾನು ಪಕ್ಕದಲ್ಲಿ ನಿಂತು, ಅಳಿಸಿದ್ದನ್ನೂ ಎಣಿಸಿಕೊಂಡೆ!

ಜೂನ್ ೧೫, ಬುಧವಾರ, ೧೦ ಗಂಟೆ ೩೦ ನಿಮಿಷ. ಯಂತ್ರ ಓಡಿತು. ಅಬ್ಬಾ, ಏನು ಓಟ! ಹಾಳೆಯ ಹಿಂದೆ ಹಾಳೆ. ಮಡಿಕೆ ಮಡಿಕೆಯಾಗಿ, ಬಿಚ್ಚಿಬಿದ್ದ ಸೀರೆಯ ಹಾಗೆ ಕಾಗದ ನೆಲದ ತುಂಬ ಹರಡಿತು. ಅಜ್ಜ ಮೊದಲ ಹಾಳೆ ಹರಿದುಕೊಂಡು, ಕುಂಟುತ್ತ ಹೋಗಿ, ಕೂಗಿ ಬರುವಷ್ಟರಲ್ಲಿ ನಾಲ್ಕು ಹಾಳೆ ಬಿದ್ದಿದ್ದವು. ಅವನು ಗಾಬರಿಯಾಗಿ ನಾಲ್ಕನ್ನೂ ಒಟ್ಟಿಗೆ ಬಾಚಿಕೊಂಡ. ಓಡಿದ. ಆ ಮೊಣಕಾಲಿನಲ್ಲಿ! ಕಿಟಕಿಯಲ್ಲಿ ಒಂದು ಹಳ್ಳಿಯ ಅರ್ಧ ಹೆಸರು, ಇನ್ನೊಂದು ಹಳ್ಳಿಯ ಅರ್ಧ ಹೆಸರು ಕೂಗಿದ. ಗಿರಣಿ ಯಾವುದು, ಬಾವಿ ಯಾವುದು ಎಂದು ನೆನೆಯಲು ಹೊತ್ತೆಲ್ಲಿದೆ? "ಬಸಪ್ಪಾ!" ಎಂದಷ್ಟೇ ಕೂಗಿದ. ಮೂರು ಹಳ್ಳಿಗಳಿಂದ ಹನ್ನೊಂದು ಬಸಪ್ಪರು ಒಮ್ಮೆಲೇ ಕಿಟಕಿಗೆ ನುಗ್ಗಿದರು.

"ಲೇ, ನನ್ನ ಚೀಟಿ ಬಿಡಲೇ!"

"ನಿಂದೆಲ್ಲೈತಿ? ಬಸಪ್ಪ ಅಂತ ಬರದೈತಿ, ಓದಾಕ ಬರ್ತದೇನ ನಿನಗ?"

"ನೀ ಬಸಪ್ಪ ಆದ್ರ ನಾ ಏನ್ ಬಸವಿನೇನಲೇ?"

ಹತ್ತಿ ಬಿತ್ತುವವನ ಕೈಗೆ ಹೆಸರು ಕಾಳು ಬಂತು, ಹೆಸರು ಕಾಳು ಬಿತ್ತುವವನ ಚಕ್ಕಡಿಗೆ ಹತ್ತಿ ಹೋಯಿತು. ಅಷ್ಟು ಹೊತ್ತಿಗೆ ಅಜ್ಜ ಮೂರನೆಯ ಮೆಟ್ಟಿಲಿನ ಮೇಲೆ ಕೂತುಬಿಟ್ಟಿದ್ದ. ಏಳಲು ಆಗಲಿಲ್ಲ. ತೊಡೆಯ ಮೇಲೆ ಕಾಗದದ ಮುದ್ದೆ. ಅವನ ಧ್ವನಿ ಎಂದೂ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. "ಮೂವತ್ತು ವರ್ಷದಾಗ ಹಿಂಗಾಗಿಲ್ಲ ತಂಗೀ," ಎಂದ.

ಆಗ ನನಗೆ ತಿಳಿಯಿತು. ಡೈರಿಯ ಹಿಂದಿನ ಪುಟ ತಿರುವಿದೆ. ಯಂತ್ರ ಬರುವ ಮೊದಲಿನಿಂದಲೇ ಅಜ್ಜನ ಹೆಜ್ಜೆಗಳನ್ನೂ ನಾನು ಬರೆದಿಡುತ್ತಿದ್ದೆ. ಕಿಟಕಿಗೆ ಹೋಗಲು ಮೂವತ್ತೈದು ಸೆಕೆಂಡು. ಇಪ್ಪತ್ತು ಹೆಸರು ಕೂಗಿ ಚೀಟಿ ಕೊಡಲು ನೂರ ಮೂವತ್ತು. ಮೆಟ್ಟಿಲು ಹತ್ತಿ ಬರಲು ಐವತ್ತು. ಎರಡು ಪುಟಗಳಲ್ಲಿ ಎರಡು ಲೆಕ್ಕ ಬರೆದ ನಾನು ಒಂದು ಸಲವೂ ಅವನ್ನು ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ! ಕಾಕಾ ಯಂತ್ರವನ್ನು ನಿಲ್ಲಿಸಿರಲಿಲ್ಲ. ಒಬ್ಬ ಕುಂಟುವ ಮನುಷ್ಯ ಹಿಂದೆ ಬಿದ್ದದ್ದು ಯಾರಿಗೂ ಕಾಣದಿರಲೆಂದು ಯಂತ್ರಕ್ಕೆ ಅವನ ಜೊತೆ ನಡೆಯಲು ಕಲಿಸಿದ್ದ.

ಸಾಹೇಬರು ೧೨ ಗಂಟೆ ೪೦ ನಿಮಿಷಕ್ಕೆ ಬಂದರು. ಜೀಪಿನಲ್ಲಿ ನವಲಗುಂದದ ಹೊಸ ಜಮಖಾನೆ, ಮುಖದಲ್ಲಿ ಖುಷಿ. ಮೆಟ್ಟಿಲಿನ ಮೇಲಿದ್ದ ಅಜ್ಜನನ್ನು ದಾಟಿಕೊಂಡೇ ಒಳಗೆ ಬಂದರು. "ಮಷೀನ್ ಕೆಲಸ ಎಷ್ಟೊತ್ತಿಗೆ ಮುಗೀತು?" ಎಂದರು. ೧೦ ಗಂಟೆ ೪೮ಕ್ಕೆ ಎಂದು ಮ್ಯಾನೇಜರರು ಹೇಳಿದರು. "ನೋಡ್ರಿ! ಹದಿನೆಂಟು ನಿಮಿಷ! ಇನ್ನ ಆ ಮುದುಕಗ ನಾಳಿಂದ ಬರಬ್ಯಾಡ ಅಂತ ಹೇಳ್ರಿ. ಒಂದು ಮೈಕ್ ಹಚ್ಚಿ ಯಾರರ ಓದ್ರಿ. ಏನವಾ, ನಿನ್ನ ಡೈರಿ ಏನ್ ಅಂತೈತಿ?"

ಎಲ್ಲರೂ ನನ್ನನ್ನು ನೋಡಿದರು. ನನ್ನ ಹತ್ತಿರ ಅಂಕಿಗಳಿದ್ದವು. ಬಾಯಿ ತೆರೆದೆ. ಒಂದು, ಎರಡು, ಮೂರು... ನಾನು ಎಣಿಸುತ್ತಿದ್ದೆ! ನಮ್ಮ ರಕ್ತದಲ್ಲೇ ಈ ರೋಗ ಇದೆಯೇನೋ ಎಂದು ನನಗೆ ದಿಗಿಲಾಯಿತು.

ಹತ್ತಕ್ಕೆ ಸಾಹೇಬರು ಹುಬ್ಬೇರಿಸಿದರು. ಹದಿನೈದಕ್ಕೆ, ಒಳಗೆ ಸದ್ದಿಲ್ಲದ್ದರಿಂದ, ಹೊರಗಿನ ಸದ್ದು ಅವರಿಗೆ ಕೇಳಿಸಿತು. ಇಪ್ಪತ್ತಕ್ಕೆ ಕಿಟಕಿಯ ಕಡೆ ನಡೆದರು. ಬೇವಿನ ಗಿಡದ ಕೆಳಗೆ ಇನ್ನೂರು ಜನ ಇನ್ನೂ ಕಾಯುತ್ತಿದ್ದರು. ಒಬ್ಬ ರೈತ ಹತ್ತಿ ಬೀಜದ ಚೀಲವನ್ನು ತಲೆಯ ಮೇಲೆತ್ತಿ, "ಇದನ್ನ ಸಾರು ಮಾಡ್ಕೊಂಡು ಉಣ್ಣಲೇನ್ರಿ?" ಎಂದು ಕೂಗುತ್ತಿದ್ದ.

ಮೂವತ್ತಾಯಿತು. ನಾನು ಓದಿದೆ: "ನಿಲುಗಡೆ ಇದ್ದ ದಿನ ಮುನ್ನೂರ ಅರವತ್ತು ಜನ, ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲರೂ ಮನೆಗೆ. ತಪ್ಪು ಚೀಟಿ ಒಂದೂ ಇಲ್ಲ. ನಿಲುಗಡೆ ಇಲ್ಲದ ಈ ದಿನ, ಇಲ್ಲಿಯವರೆಗೆ ನೂರ ಐವತ್ತೆಂಟು ಜನ. ತಪ್ಪು ಚೀಟಿ ಇಪ್ಪತ್ತೇಳು. ಹರಿದ ಅಂಗಿ ಎರಡು. ನಿನ್ನೆ ನಾ ಓದಿದ್ದು ಅರ್ಧ ಲೆಕ್ಕ, ಸರ್. ತಪ್ಪು ನಂದು."

ಸಾಹೇಬರು ಹೊರಗಿನ ಜನರನ್ನು ಕಣ್ಣಿನಿಂದಲೇ ಎಣಿಸಿದರು. ತಿರುಗಿ ಬಂದು ಕಾಕಾನಿಗೆ, "ಹಾಕ್ರಿ ಅದನ್ನ ವಾಪಸ್," ಎಂದರು. ಹೋಗುವಾಗ ಅಜ್ಜನ ಪಕ್ಕದಲ್ಲಿ ನಿಂತರು. "ಬಾವಿ ಬಸಪ್ಪ ಯಾರು, ಗಿರಣಿ ಬಸಪ್ಪ ಯಾರು ಅಂತ ಇನ್ನೊಬ್ಬರಿಗೆ ಕಲಿಸಾಕ ಎಷ್ಟು ದಿನ ಬೇಕು?" ಎಂದು ಕೇಳಿದರು. ಅಜ್ಜ ಮೊಣಕಾಲು ಹಿಡಿದುಕೊಂಡೇ, "ನವೆಂಬರ್ ತನಕಾ ಬೇಕಾಗತೈತ್ರಿ," ಎಂದ! ಸಾಹೇಬರು ನಕ್ಕುಬಿಟ್ಟರು.

ನವೆಂಬರ್ ೩೦, ಬುಧವಾರ, ಸಂಜೆ ೫ ಗಂಟೆಗೆ ಅಜ್ಜನಿಗೆ ಸೇವಂತಿಗೆ ಮಾಲೆ ಹಾಕಿದೆವು. ಅವನು ಕೊನೆಯ ಸಲ ಕಿಟಕಿಯಿಂದ ಒಳಗಿನ ಕೋಣೆಯವರೆಗೆ ನಡೆದು ಬಂದ. ಐವತ್ತೆಂಟು ಸೆಕೆಂಡು. ಯಾರೂ ಮುಂದೆ ಹೋಗಿ ಕೈ ಹಿಡಿಯಲಿಲ್ಲ. ಎಲ್ಲರೂ ಕಾದರು.

ಎಲ್ಲರೂ ಹೋದ ಮೇಲೆ ಡೈರಿಯಲ್ಲಿ ಕೂಡಿಸುತ್ತ ಕೂತೆ. ಮೂವತ್ತೈದು, ನೂರ ಮೂವತ್ತು, ಐವತ್ತು. ಒಟ್ಟು ಇನ್ನೂರ ಹದಿನೈದು. ಕಾಕಾ ಯಂತ್ರಕ್ಕೆ ಹೇಳಿದ್ದು ಇನ್ನೂರ ನಲವತ್ತು. ಇಪ್ಪತ್ತೈದು ಹೆಚ್ಚು! ನನಗೆ ಲೆಕ್ಕ ತಪ್ಪಿದರೆ ಊಟ ಸೇರುವುದಿಲ್ಲ.

"ಕಾಕಾ, ಆ ಇಪ್ಪತ್ತೈದು ಸೆಕೆಂಡ್ ಯಾರವು?"

ಕಾಕಾ ಯಂತ್ರಕ್ಕೆ ಬಟ್ಟೆ ಹೊದಿಸುತ್ತಿದ್ದ. ಎಣಿಸಿದ. ನಾನು ಕಾದೆ.

"ನಿನ್ನವು ಯವ್ವಾ," ಎಂದ. "ಅಜ್ಜ ಬಂದ ಕೂಡಲೆ ನೀ ಗಡಿಯಾರ ನೋಡ್ತಿ, ಪೆನ್ನಿನ ಟೊಪಿಗಿ ತಗೀತಿ, ಬರೀತಿ, ಮತ್ತ ಟೊಪಿಗಿ ಹಾಕ್ತಿ. ಇಪ್ಪತ್ತೈದು ಸೆಕೆಂಡ್ ಆಗತೈತಿ. ನಿಂದೂ ಬರಿಯೂದು ಮುಗೀಲಿ ಅಂತ ಬಿಟ್ಟಿದ್ದೆ."

ಆ ದಿನದ ಪುಟದಲ್ಲಿ ಅದರ ಮುಂದೆ ಏನೂ ಬರೆದಿಲ್ಲ.

ಅಜ್ಜ ಮಗಳ ಮನೆಗೆಂದು ಕಲಘಟಗಿಯ ಕಡೆ, ಮಿಶ್ರಿಕೋಟಿಗೆ ಹೋದ. ಆಮೇಲೆ ಕಾಕಾ ಅವನಿಗೆ ಎರಡು ಪತ್ರ ಬರೆದಿದ್ದಾನೆ. ಉತ್ತರ ಬಂದಿಲ್ಲ. ಮೂರನೆಯದು ಬರೆ ಎಂದರೆ, "ತಡಿ, ಓದಾಕ ಅವರಿಗೆ ಹೊತ್ತು ಬೇಕು," ಎನ್ನುತ್ತಾನೆ. ಮಿಶ್ರಿಕೋಟಿಯ ಬಸ್ ನಿಲ್ದಾಣದಲ್ಲೋ ಸಂತೆಯಲ್ಲೋ, ಬಲಗಾಲು ಎಳೆಯುತ್ತ ನಡೆಯುವ, ಒಂದೇ ಹೆಸರಿನ ಐದು ಜನರನ್ನು ಮನೆಯ ಗುರುತು ಹಿಡಿದು ಬೇರೆ ಬೇರೆಯಾಗಿ ಕೂಗಬಲ್ಲ ಅಜ್ಜನನ್ನು ನಿಮ್ಮಲ್ಲಿ ಯಾರಾದರೂ ಕಂಡಿದ್ದರೆ, ಹೇಗಿದ್ದಾನೆಂದು ಈ ಪತ್ರಿಕೆಯ ಮೂಲಕ ನನಗೆ ನಾಲ್ಕು ಸಾಲು ಬರೆಯಿರಿ. ಮೊಣಕಾಲಿನ ವಿಷಯವನ್ನೂ ಬರೆಯಿರಿ. ತಡವಾದರೂ ಅಡ್ಡಿಯಿಲ್ಲ. ಕಾಯಲು ಗೊತ್ತಿರುವವರು ನಮ್ಮ ಮನೆಯಲ್ಲಿ ಈಗ ಇಬ್ಬರಿದ್ದೇವೆ.